ಒಂದು ಜಾಡಿ ಚನ್ನಂಗಿ

ಏಪ್ರಿಲ್ ತಿಂಗಳ ಕೊನೆಯ ವಾರ ಇಲೇನಿಯಾ ನಮ್ಮ ಮನೆಯ ಬಾಗಿಲು ತಟ್ಟಿದಾಗ ನಾನು ದೇವಮಾತೆಯ ಪಟದ ಮುಂದೆ ಕೂತು ಜಪಸರ ಮುಗಿಸುತ್ತಿದ್ದೆ. ಇಲೇನಿಯಾ ನನ್ನ ಹೆಂಡತಿ ಲೊರೆತಾಳ ಅಣ್ಣನ ಮಗಳು. ಬಾಗಿಲು ತೆರೆಯುವ ಮುಂಚೆಯೇ ಮಾತು ಶುರುಮಾಡುತ್ತಾಳೆ. ಆ ಗುಣ ಅವಳಿಗೆ ಅತ್ತೆಯಿಂದ ಬಂದದ್ದು.

“ಮಾವ, ಕೂತಿದ್ದೀರಾ? ಕೂತೇ ಇರಿ. ನಿಂತ್ಕೊಂಡು ಕೇಳೋ ವಿಷಯ ಅಲ್ಲ.”

“ಯಾರಿಗೇನಾಯ್ತಮ್ಮ?”

“ಯಾರಿಗೂ ಏನೂ ಆಗಿಲ್ಲ. ಕಾಗೆ ಮೊಟ್ಟೆ ಇಟ್ಟಿದೆ.”

ಕಾಗೆ ಮೊಟ್ಟೆ ಇಟ್ಟದ್ದು ಪಕ್ಕದ ಮನೆಯ ಪಲ್ಮೀರಾಳ ಹೊಗೆಗೂಡಿನಲ್ಲಿ. ಚಳಿ ಮುಗಿದ ಮೇಲೆ ಪಲ್ಮೀರಾ ದೊಡ್ಡ ಒಲೆ ಹಚ್ಚಿರಲಿಲ್ಲ. ಆ ಸಮಯ ನೋಡಿಕೊಂಡು ಒಂದು ಕಾಗೆ ಅಲ್ಲಿ ಸಂಸಾರ ಹೂಡಿತ್ತು. ಗೂಡು ತೆಗೆಸು ಎಂದರೆ ಅವಳು ಒಪ್ಪುತ್ತಿರಲಿಲ್ಲ.

“ಮರಿ ಹಾರೋವರೆಗೂ ಒಲೆ ಹಚ್ಚಲ್ಲ ಅಂತ ಕೂತಿದಾಳೆ ಮಾವ. ಒಬ್ಬ ತಾಯಿನ ಮನೆ ಬಿಡಿಸಿ ನಾನು ಪೂಜೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತಾಳೆ. ಮೇ ಒಂದಕ್ಕೆ ನನ್ನ ಅತಿಥಿಗಳು ಬರ್ತಾರೆ. ವಿರ್ತೂ ಎಲ್ಲಿ ಬೇಯಿಸ್ಲಿ, ಅವಳ ತಲೆ ಮೇಲಾ?”

ಇಲೇನಿಯಾ ಮತ್ತು ಅವಳ ಗಂಡ ಸಬಾತೀನೋ ಸೇರಿ ಒಂದು ಕೆಲಸ ಹಿಡಿದಿದ್ದರು. ದೂರದ ದೇಶಗಳಿಂದ ಬಂದವರನ್ನು ನಮ್ಮ ಬೆಟ್ಟಗಳಲ್ಲಿ ನಡೆಸುವುದು, ಸೈಕಲ್ ತುಳಿಸುವುದು, ಬೆವರಿಳಿದ ಮೇಲೆ ಅಡುಗೆ ಮಾಡಿಸಿ ಉಣ್ಣಿಸುವುದು. ಒಂದು ದಿನ ಕುರಿಹಟ್ಟಿಯಲ್ಲಿ ಚೀಸ್ ಒತ್ತಿಸುತ್ತಿದ್ದರು, ಮರುದಿನ ತಂತಿ ಬಿಗಿದ ಚೌಕಟ್ಟಿನ ಮೇಲೆ ಹಿಟ್ಟು ಒತ್ತಿ ಪಾಸ್ತಾ ಕತ್ತರಿಸಲು ಕಲಿಸುತ್ತಿದ್ದರು. ಊರಿನ ಮುದುಕರಿಗೆ ಇದೊಂದು ತಮಾಷೆ. “ನಾವು ಹುಟ್ಟಿದಾಗಿನಿಂದ ಈ ಗುಡ್ಡ ಹತ್ತಿದ್ವಿ, ಒಬ್ರೂ ಫೋಟೋ ಹೊಡೀಲಿಲ್ಲ” ಎಂದು ಪಲ್ಮೀರಾ ಅನ್ನುತ್ತಿದ್ದಳು. ಆದರೆ ಅವರಿಗೆಲ್ಲ ಅಡುಗೆ ಹೇಳಿಕೊಡಲು ಅವಳೇ ಮುಂದು.

ಮೇ ಒಂದರಂದು ನಮ್ಮ ತೇರಮೋ ಸೀಮೆಯಲ್ಲಿ ವಿರ್ತೂ ಬೇಯದ ಮನೆಯಿಲ್ಲ. ಚಳಿಗಾಲ ಕಳೆದು ಡಬ್ಬಗಳ ತಳದಲ್ಲಿ ಉಳಿದ ಕಾಳುಗಳನ್ನೆಲ್ಲ ಅಂದು ಹೊರಗೆ ತೆಗೆಯಬೇಕು. ಒಂದೊಂದನ್ನೂ ಬೇರೆಬೇರೆ ಬೇಯಿಸಬೇಕು. ಕೊನೆಗೆ ಎಲ್ಲವನ್ನೂ ಒಂದೇ ಹಂಡೆಗೆ ಸುರಿದು ಹೊಲದ ಹೊಸ ಸೊಪ್ಪು, ಹಂದಿಯ ಉಪ್ಪುಮಾಂಸದ ಮೂಳೆ, ಚೂರುಪಾರು ಪಾಸ್ತಾ ಸೇರಿಸಬೇಕು. ಹಳೆಯ ಫಸಲು ಪೂರ್ತಿ ಮುಗಿಯಬೇಕು, ಆಮೇಲೆ ಹೊಸದು. ಬೆಂದದ್ದನ್ನು ಬಟ್ಟಲಿಗೆ ತುಂಬಿ ನೆರೆಮನೆಗಳಿಗೆ ಕಳಿಸುವುದು, ಅವರದನ್ನು ನಾವು ತಿನ್ನುವುದು, ಆಮೇಲೆ ವರ್ಷವಿಡೀ ಅವರದರಲ್ಲಿ ಉಪ್ಪು ಹೆಚ್ಚಿತ್ತೆಂದು ಆಡಿಕೊಳ್ಳುವುದು.

“ಮಾವ, ಅಷ್ಟು ದೊಡ್ಡ ಒಲೆ ಈ ಊರಲ್ಲಿ ಇನ್ನೊಂದೇ ಇರೋದು” ಎಂದಳು ಇಲೇನಿಯಾ. ದನಿ ತಗ್ಗಿತ್ತು. ಅವಳು ನನ್ನ ಹಿಂದಿನ ಬಾಗಿಲನ್ನು ನೋಡುತ್ತಿದ್ದಳು.

ಆ ಬಾಗಿಲಿನಾಚೆ ಲೊರೆತಾಳ ಅಡುಗೆಮನೆ. ನವೆಂಬರಿನಲ್ಲಿ, ಮೃತರ ಸ್ಮರಣೆಯ ದಿನದ ಮಾರನೆಯ ದಿನ ಅವಳು ತೀರಿಕೊಂಡಳು. ಆಗ ಹಾಕಿದ ಚಿಲಕವನ್ನು ನಾನು ತೆಗೆದಿರಲಿಲ್ಲ. ಮಲಗುವ ಕೋಣೆಯಲ್ಲಿ ಒಂದು ಸಣ್ಣ ಗ್ಯಾಸಿನ ಒಲೆಯಿಟ್ಟುಕೊಂಡು ಹಾಲು ಕಾಯಿಸಿಕೊಳ್ಳುತ್ತಿದ್ದೆ. ಉಳಿದದ್ದನ್ನು ಪಲ್ಮೀರಾ ತರುತ್ತಿದ್ದಳು. ಬೇಡವೆಂದರೆ ಬೈದು ತರುತ್ತಿದ್ದಳು.

ಅಡುಗೆಮನೆಯಿಂದ ನಾನು ಹೊರಗೆ ತಂದದ್ದು ಒಂದನ್ನೇ, ಚನ್ನಂಗಿ ಕಾಳಿನ ಗಾಜಿನ ಜಾಡಿ. ಲೊರೆತಾಳ ತವರಿನವರಿಗೆ ಬೆಟ್ಟದ ಮೇಲೆ, ಕುರಿಗಳು ಬೇಸಿಗೆಗೆ ಹೋಗುವ ದಾರಿಯಲ್ಲಿ, ಒಂದು ತುಂಡು ಕಲ್ಲುನೆಲವಿತ್ತು. ಅದರಲ್ಲಿ ಬೇರೇನೂ ಬರುವುದಿಲ್ಲ. ಚನ್ನಂಗಿ ಬರುತ್ತದೆ. ಸಾಸಿವೆಗಿಂತ ತುಸು ದೊಡ್ಡದು, ಕಂದುಬಣ್ಣ, ಬೆಂದರೂ ಒಡೆಯದ ಜಾತಿ. ಕಳೆದ ಬೇಸಿಗೆಯಲ್ಲಿ ಅವಳಿಗೆ ಬಗ್ಗಲಾಗುತ್ತಿರಲಿಲ್ಲ. ಬಂಡೆಯ ಮೇಲೆ ಕೂತು ನನ್ನನ್ನು ಬೈಯುತ್ತ ಕೊಯ್ಯಿಸಿದಳು. “ಗಿಡ ಕೀಳು ಅಂದ್ರೆ ನೆಲಾನೇ ಕೀಳ್ತೀಯಲ್ಲ!” ಎಂದು ನಕ್ಕಳು. ಆ ಫಸಲು ಒಂದೇ ಜಾಡಿ ಆಯಿತು. ಅವಳೇ ತುಂಬಿ, ಅವಳೇ ಮುಚ್ಚಳ ಬಿಗಿದಳು.

ಆ ಜಾಡಿ ಈಗ ದೇವಮಾತೆಯ ಪಟದ ಪಕ್ಕದಲ್ಲಿ, ದೀಪದ ಬೆಳಕಿನಲ್ಲಿತ್ತು. ನಮ್ಮ ಪಾದ್ರಿ ಅಕೀಲೆ ಗುರುಗಳು ಮನೆಗೆ ಬಂದಾಗ ಕನ್ನಡಕ ಸರಿಮಾಡಿಕೊಂಡು ನೋಡಿ, “ಬೆರಾರ್ದೋ, ಇದು ಯಾವ ಸಂತರ ಅವಶೇಷ?” ಎಂದು ಕೇಳಿದ್ದರು. ನಾನು ಕುರ್ಚಿ ಎಳೆದು ಕೂರಿಸಿದೆ. ಅವರೂ ಮತ್ತೆ ಕೇಳಲಿಲ್ಲ. ಪಲ್ಮೀರಾ ಮಾತ್ರ ಬಿಡುತ್ತಿರಲಿಲ್ಲ. “ಬಿತ್ತೋ ಕಾಲ ಮುಗೀತಾ ಬಂತು ಕಣೋ. ಬಿತ್ತು, ಇಲ್ಲಾ ತಿನ್ನು. ಕಾಳಿರೋದು ಆರತಿ ಎತ್ತೋಕಲ್ಲ” ಅನ್ನುತ್ತಿದ್ದಳು.

ಬಿತ್ತಿದರೆ ಜಾಡಿ ಖಾಲಿ. ತಿಂದರೂ ಖಾಲಿ. ಅವಳ ಕೈ ಮುಟ್ಟಿ ಎತ್ತಿಟ್ಟದ್ದು ಈ ಲೋಕದಲ್ಲಿ ನನಗೆ ಅದೊಂದೇ ಉಳಿದಿತ್ತು. ಹಾಗಾಗಿ ಎರಡನ್ನೂ ಮಾಡದೆ ದಿನಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದೆ.

“ಅಡುಗೆಮನೆ ತಗೋ” ಎಂದೆ ಇಲೇನಿಯಾಗೆ. ಅವಳ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. “ಒಲೆ ಹಚ್ಚು, ಹಂಡೆ ತಗೋ, ಏನು ಬೇಕಾದ್ರೂ ಮಾಡು. ಈ ಜಾಡಿ ಮಾತ್ರ ಮುಟ್ಟಬೇಡಿ.”

“ನಾನ್ಯಾಕೆ ಮುಟ್ಲಿ ಮಾವ” ಎಂದು ಅವಳು ನನ್ನ ಕೆನ್ನೆಗೆ ಮುತ್ತಿಟ್ಟು, ನಾನು ಮನಸ್ಸು ಬದಲಿಸುವ ಮುಂಚೆ ಓಡಿದಳು.

ಹಬ್ಬದ ಹಿಂದಿನ ದಿನ ಪಲ್ಮೀರಾ ಪೊರಕೆ ಹಿಡಿದು ಬಂದಳು. ಚಿಲಕ ತೆಗೆದವಳು ಅವಳೇ. ನಾನು ಅಂಗಳದಲ್ಲಿ ನಿಂತೆ. ಕಿಟಕಿಗಳು ಒಂದೊಂದಾಗಿ ತೆರೆದ ಸದ್ದು, ಜೇಡನ ಬಲೆಗೆ ಅವಳು ಹಾಕಿದ ಶಾಪ, ಎಲ್ಲ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಇಣುಕಿದರೆ ಪಲ್ಮೀರಾ ಲೊರೆತಾಳ ಅಡುಗೆಯ ಮೇಲಂಗಿಯನ್ನು ಗೂಟದಿಂದ ತೆಗೆದು, ಮಡಚಿ, ಎದೆಗೊತ್ತಿ ನಿಂತಿದ್ದಳು. ನನ್ನನ್ನು ಕಂಡದ್ದೇ, “ಏನು ನೋಡ್ತೀಯ? ನೀರು ತಾ. ಕಾಳು ನೆನೆಹಾಕಬೇಕು” ಎಂದು ಗದರಿದಳು.

ಮೇಜಿನ ಮೇಲೆ ಬಟ್ಟಲುಗಳನ್ನು ಸಾಲಾಗಿಟ್ಟು ನೆನೆಹಾಕಿದೆವು. ಕಡಲೆ, ಬಿಳಿ ಬೀನ್ಸ್, ಚುಕ್ಕೆ ಬೀನ್ಸ್, ದೊಡ್ಡ ಅವರೆ, ಬಟಾಣಿ. ಊರಿನ ಎಲ್ಲ ಮನೆಗಳಲ್ಲೂ ಆ ಸಂಜೆ ಅದೇ ಬಟ್ಟಲುಗಳು, ಅದೇ ನೀರು. ಚನ್ನಂಗಿಯನ್ನು ಮಾತ್ರ ಯಾರೂ ನೆನೆಹಾಕುವುದಿಲ್ಲ. ಅದು ಹಾಗೆಯೇ ಬೇಯುತ್ತದೆ. ಆದ್ದರಿಂದ ಅದರ ನೆನಪು ಆ ಸಂಜೆ ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ.

ಮರುದಿನ ಬೆಳಗಿನ ಪೂಜೆ ಮುಗಿಸಿ ಬಂದಾಗ ನಮ್ಮ ಗಲ್ಲಿಯಲ್ಲಿ ಆಗಲೇ ಗದ್ದಲ. ಸಬಾತೀನೋ ಬೆಳಕು ಹರಿಯುವಾಗಲೇ ಅತಿಥಿಗಳನ್ನು ಎಬ್ಬಿಸಿ, ಹೊಳೆಯ ದಂಡೆಯುದ್ದಕ್ಕೂ ಸೊಪ್ಪು ಕೀಳಿಸುತ್ತ ಮೇಲಕ್ಕೆ ನಡೆಸಿ ತಂದಿದ್ದ. ಬೂಟು ತುಂಬ ಕೆಸರು, ಬುಟ್ಟಿ ತುಂಬ ಕಾಡುಸಬ್ಬಸಿಗೆ, ಪುದೀನ, ಕಹಿಸೊಪ್ಪು. ಹಾಲೆಂಡಿನ ಯೋಸ್ಟ್ ಎಂಬಾತ ನಮ್ಮ ಬಾಗಿಲು ದಾಟಲು ತಲೆಯನ್ನಷ್ಟೇ ಅಲ್ಲ, ಹೆಗಲನ್ನೂ ಓರೆ ಮಾಡಬೇಕಾಯಿತು. ದೋಣಿ ರಿಪೇರಿ ಮಾಡುತ್ತಿದ್ದವನಂತೆ. ನಮ್ಮ ಭಾಷೆಯಲ್ಲಿ ಅವನು ಕಲಿತದ್ದು ಒಂದೇ ಮಾತು, ‘ಬ್ವೋನೋ’, ಚೆನ್ನಾಗಿದೆ ಎಂದು. ಎಲ್ಲಕ್ಕೂ ಅದನ್ನೇ ಬಳಸುತ್ತಿದ್ದ. ಅವನ ಹೆಂಡತಿ ಹಾನೆಕೆಗೆ ಮಾತ್ರ ನಮ್ಮ ಮಾತು ಅರ್ಧಂಬರ್ಧ ಬರುತ್ತಿತ್ತು.

ಪಲ್ಮೀರಾ ಯೋಸ್ಟನ ಬುಟ್ಟಿಗೆ ಕೈಹಾಕಿ ಒಂದು ಹಿಡಿ ಎತ್ತಿದಳು. “ಇದೇನಿದು?”

“ಸೊಪ್ಪು” ಎಂದಳು ಹಾನೆಕೆ.

“ಇದು ಕತ್ತೆ ತಿನ್ನೋ ಸೊಪ್ಪಮ್ಮ. ಅದೂ ಹಸಿವಾದ್ರೆ ಮಾತ್ರ. ಸಬಾತೀನೋ! ನೀನು ದಾರಿ ತೋರಿಸ್ತಿದ್ಯಾ, ನಿದ್ದೆ ಹೊಡೀತಿದ್ಯಾ?”

“ನಾನು ಬೇಡ ಅಂದೆ ಅಜ್ಜಿ, ಆತ ಬ್ವೋನೋ ಅಂದ” ಎಂದ ಸಬಾತೀನೋ.

“ಬ್ವೋನೋ” ಎಂದ ಯೋಸ್ಟ್, ಕೆಸರು ಮುಖದ ತುಂಬ ನಗುತ್ತ.

ಒಲೆ ಹೊತ್ತಿತು. ನಾನೇ ಹಚ್ಚಬೇಕೆಂದು ಇಲೇನಿಯಾ ಬೆಂಕಿಪೊಟ್ಟಣ ಕೊಟ್ಟಳು. ಹೊಗೆ ಮೊದಲು ಒಳಕ್ಕೇ ನುಗ್ಗಿ ಎಲ್ಲರನ್ನೂ ಕೆಮ್ಮಿಸಿತು. ಆಮೇಲೆ ದಾರಿ ನೆನಪಾದಂತೆ ಮೇಲಕ್ಕೆ ಹೋಯಿತು. ಒಂದೊಂದು ಪಾತ್ರೆಯಲ್ಲಿ ಒಂದೊಂದು ಕಾಳು ಕುದಿಯತೊಡಗಿತು. ಅತಿಥಿಗಳು ಮೇಜಿನ ಸುತ್ತ ಕೂತು ಸೊಪ್ಪು ಬಿಡಿಸಿದರು, ಗೋಲಿಯಷ್ಟು ಮಾಂಸದ ಉಂಡೆ ಕಟ್ಟಿದರು. ಯೋಸ್ಟ್ ಕಟ್ಟಿದ ಉಂಡೆ ನಿಂಬೆಹಣ್ಣಿನಷ್ಟಾಯಿತು. ಅದನ್ನು ಪಲ್ಮೀರಾ ಮುರಿದು ನಾಲ್ಕು ಮಾಡಿ ಮುಂದಿಟ್ಟಳು. ನಾನು ಮೂಲೆಯ ಬೆಂಚಿನ ಮೇಲೆ ಕೂತಿದ್ದೆ. ಅಷ್ಟು ಜನರ ಬೆನ್ನು, ಅಷ್ಟು ಆವಿ, ಅಷ್ಟು ಮಾತು. ಈ ಕೋಣೆಗೆ ಇವೆಲ್ಲ ಹೊಸದೇನಲ್ಲ. ಮರೆತಿದ್ದವನು ನಾನು.

ಪಲ್ಮೀರಾ ಸೌಟು ಹಿಡಿದು ಲೆಕ್ಕ ಹಾಕತೊಡಗಿದಳು. “ಕಡಲೆ ಆಯ್ತು. ಅವರೆ ಇನ್ನೊಂದು ಕುದಿ. ಬಟಾಣಿ ಆಯ್ತು. ಇಲೇನಿಯಾ, ಚನ್ನಂಗಿ ಕೊಡು, ಈಗ ಹಾಕಿದ್ರೆ ಸರಿಹೋಗುತ್ತೆ.”

“ಯಾವ ಚನ್ನಂಗಿ ಅಜ್ಜಿ?”

“ಯಾವ ಚನ್ನಂಗಿ ಅಂದ್ರೆ? ನೀನು ತಂದಿರೋದು.”

“ನಾನು ಸೊಪ್ಪು, ಮಾಂಸ, ಪಾಸ್ತಾ. ಕಾಳೆಲ್ಲ ನಿಮ್ದು ಅಂದಿದ್ರಲ್ಲ?”

“ನನ್ನತ್ರ ಎಲ್ಲಿಂದ ಬರ್ಬೇಕು ಚನ್ನಂಗಿ? ನಾನು ಯಾವತ್ತು ಇಟ್ಟಿದ್ದೆ? ನಮಗೆಲ್ಲ ಅದನ್ನ ಕೊಡ್ತಿದ್ದಿದ್ದು—”

ಪಲ್ಮೀರಾ ಒಲೆಯ ಕಡೆ ತಿರುಗಿಕೊಂಡಳು.

ಕೊಡುತ್ತಿದ್ದವಳು ಲೊರೆತಾ. ಪ್ರತಿ ವರ್ಷ ಏಪ್ರಿಲ್ ಕೊನೆಗೆ ತಗಡಿನ ಲೋಟದಲ್ಲಿ ಅಳೆದು, ಕಾಗದದ ಪೊಟ್ಟಣ ಕಟ್ಟಿ, ಊರಿನ ಎಲ್ಲ ಮನೆಗಳಿಗೂ ಕಳಿಸುತ್ತಿದ್ದಳು. ಹೊತ್ತು ತಿರುಗುತ್ತಿದ್ದವನು ನಾನು. “ಯಾರ ಮನೇಲೂ ಕೂತು ವೈನು ಕುಡೀಬೇಡ, ಮೊದಲು ಹಂಚಿ ಬಾ” ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಇಷ್ಟು ವರ್ಷದಿಂದ ಅದು ನಡೆದು ಬಂದು, ನಮ್ಮೂರು ರಿಪಾಲ್ತಾದಲ್ಲಿ ಚನ್ನಂಗಿ ಕೊಳ್ಳಬೇಕಾದ ವಸ್ತು ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು. ಮಳೆ ಬರುವ ಹಾಗೆ ಅದೂ ಬರುತ್ತದೆ ಎಂದುಕೊಂಡಿದ್ದರು.

“ಸಬಾತೀನೋ, ಓಡು. ಕ್ವಿರೀನೋನ ಕೇಳು, ಅಸೂಂತಾನ ಕೇಳು” ಎಂದಳು ಇಲೇನಿಯಾ. ಮೇ ಒಂದು ಕಾರ್ಮಿಕರ ದಿನ, ಕೆಳಗಿನ ಪಟ್ಟಣದಲ್ಲಿ ಒಂದಂಗಡಿಯೂ ತೆರೆದಿರುವುದಿಲ್ಲ. ಸಬಾತೀನೋ ಓಡಿದ. ಬರಿಗೈಯಲ್ಲಿ ಬಂದ. “ಯಾರ ಹತ್ರಾನೂ ಇಲ್ಲ. ಅವರೂ ಈಗ್ಲೇ ಹುಡುಕೋಕೆ ಶುರುಮಾಡಿದ್ರು” ಎಂದ.

ಯಾರೂ ನನ್ನ ಕಡೆ ನೋಡಲಿಲ್ಲ. ಮುಂದಿನ ಕೋಣೆಯಲ್ಲಿ ದೇವಮಾತೆಯ ಪಕ್ಕ ಏನಿದೆಯೆಂದು ಪಲ್ಮೀರಾಗೂ ಗೊತ್ತು, ಇಲೇನಿಯಾಗೂ ಗೊತ್ತು. ಪಲ್ಮೀರಾಳ ಬಾಯಿ ಮುಚ್ಚಿದ್ದನ್ನು ನಾನು ನನ್ನ ಆಯುಷ್ಯದಲ್ಲಿ ಅಂದೇ ಮೊದಲು ಕಂಡೆ. ಅವಳು ಅವರೆಕಾಳನ್ನು ಕದಡುತ್ತ ನಿಂತಿದ್ದಳು, ಕದಡುವ ಅಗತ್ಯವೇ ಇರಲಿಲ್ಲ.

“ಬಿಡಿ ಅಜ್ಜಿ, ಇಲ್ದೇನೇ ಮಾಡೋಣ” ಎಂದಳು ಇಲೇನಿಯಾ ಸಣ್ಣಗೆ. “ಅವರಿಗೇನು ಗೊತ್ತಾಗುತ್ತೆ.”

ನಿಜ, ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಒಬ್ಬ ಮನುಷ್ಯನಿಗೆ ಒಂದು ಜಾಡಿ ಇಟ್ಟುಕೊಳ್ಳುವ ಹಕ್ಕಿಲ್ಲವೇ ಎಂದು ನನ್ನೊಳಗೆ ನಾನೇ ವಾದಿಸುತ್ತಿದ್ದೆ. ಆಗ ಬಾಗಿಲಲ್ಲಿ ಕ್ವಿರೀನೋ ಕಾಣಿಸಿಕೊಂಡ. ಮೇಲಿನ ಗಲ್ಲಿಯ ಮುದುಕ, ಅಕಾರ್ಡಿಯನ್ ನುಡಿಸುವವನು. ಹಬ್ಬದ ಕೋಟು ಹಾಕಿದ್ದ. ಕೈಯಲ್ಲಿ ಒಂದು ದೊಡ್ಡ ಬಟ್ಟಲು.

“ಒಂಚೂರು ಉಪ್ಪು ಬೇಕಿತ್ತು” ಎಂದ, ನೆಲ ನೋಡುತ್ತ.

ಪಲ್ಮೀರಾ ಬಟ್ಟಲು ನೋಡಿದಳು. “ಅಷ್ಟಗಲದ ಬಟ್ಟಲು ಹಿಡ್ಕೊಂಡು ಒಂಚೂರು ಉಪ್ಪಾ? ಸಮುದ್ರ ಮಾಡೋಕೆ ಹೊರಟಿದ್ಯಾ?”

ಅವನು ಬಟ್ಟಲನ್ನು ಕೋಟಿನ ಮರೆಗೆ ಸರಿಸುವಷ್ಟರಲ್ಲಿ ಅವನ ಹಿಂದೆ ನೆರೆಯ ಅಸೂಂತಾ ಬಂದಳು. ಬೆಂಕಿಪೊಟ್ಟಣ ಬೇಕಂತೆ. ಕೈಯಲ್ಲಿ ತಗಡಿನ ಡಬ್ಬ. ಅವಳ ಹಿಂದೆ ಅವಳ ನಾದಿನಿ. ತಾನು ವಿದೇಶದವರನ್ನು ನೋಡಿಹೋಗಲು ಬಂದೆ ಎಂದಳು, ಆದರೆ ಒಂದು ಕೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡಿದ್ದಳು, ಅದರಲ್ಲಿದ್ದ ಲೋಟ ಕಿಟಕಿಯ ಗಾಜಿನಲ್ಲಿ ಕಾಣುತ್ತಿತ್ತು. ಹೀಗೆ ಒಬ್ಬರಾದ ಮೇಲೊಬ್ಬರು. ಕೊನೆಗೆ ಅಕೀಲೆ ಗುರುಗಳೇ ಬಂದರು. ಅವರ ಮನೆಗೆಲಸದಾಕೆ ಕಳಿಸಿದ್ದಳಂತೆ. ಕೈಯಲ್ಲಿ ಪಾತ್ರೆ ಹಿಡಿಯಲು ನಾಚಿಕೊಂಡು ಟೋಪಿ ಹಿಡಿದಿದ್ದರು.

“ಗುರುಗಳೇ, ನಿಮಗೇನು ಬೇಕು?” ಎಂದಳು ಪಲ್ಮೀರಾ.

ಗುರುಗಳು ಸುಳ್ಳು ಹೇಳುವಂತಿಲ್ಲ. ನಿಜ ಹೇಳಲು ಧೈರ್ಯವಿಲ್ಲ. “ಅಡುಗೆ ವಾಸನೆ ಚೆನ್ನಾಗಿ ಬರ್ತಿದೆ” ಎಂದರು.

“ಬ್ವೋನೋ!” ಎಂದ ಯೋಸ್ಟ್ ಹಿಂದಿನಿಂದ.

ಹಾನೆಕೆ ಚಾಕು ಕೆಳಗಿಟ್ಟು ಇಲೇನಿಯಾಳನ್ನು ಕೇಳಿದಳು. “ಇವರೆಲ್ಲ ಖಾಲಿ ಪಾತ್ರೆ ಹಿಡಿದು ಯಾಕೆ ಬಂದಿದಾರೆ? ಇದೂ ಹಬ್ಬದ ಪದ್ಧತೀನಾ?”

ನನಗೆ ನಗು ಬಂದುಬಿಟ್ಟಿತು. ತಡೆಯಲಾಗಲಿಲ್ಲ. ಬೆಂಚಿನ ಮೇಲೆ ಕೂತವನು ಹೊಟ್ಟೆ ಹಿಡಿದು ನಕ್ಕೆ. ಕಣ್ಣಲ್ಲಿ ನೀರು ಬಂತು, ಅದು ನಗುವಿನದೋ ಬೇರೆಯದೋ ತಿಳಿಯದು. ನವೆಂಬರಿನಿಂದ ಈ ಜನ ನನ್ನ ಕೈ ಹಿಡಿದು ‘ದೇವರಿಚ್ಛೆ’ ಎಂದಿದ್ದರು, ‘ಪುಣ್ಯವಂತೆ’ ಎಂದಿದ್ದರು. ಆ ಮಾತುಗಳಿಂದ ನನಗೆ ಏನೂ ಆಗಿರಲಿಲ್ಲ. ಆದರೆ ಉಪ್ಪು ಕೇಳುವ ನೆಪದಲ್ಲಿ ಬಟ್ಟಲು ಹಿಡಿದು ನಿಂತ ಕ್ವಿರೀನೋನನ್ನು ಕಂಡಾಗ, ಲೊರೆತಾ ಇಲ್ಲವೆಂಬುದು ನನಗೊಬ್ಬನಿಗೇ ಅಲ್ಲ, ಈ ಎಲ್ಲ ಮನೆಗಳ ಒಲೆಗಳಿಗೂ ಗೊತ್ತಾಗಿದೆ ಎಂದು ಅರ್ಥವಾಯಿತು. ಅವಳ ಬಾಗಿಲಿಗೆ ಬಂದವರು ಬರಿಗೈಯಲ್ಲಿ ಹೋದದ್ದಿಲ್ಲ. ಈಗ ಹೋದರೆ ಅದು ನನ್ನಿಂದ.

ಎದ್ದು ಮುಂದಿನ ಕೋಣೆಗೆ ಹೋದೆ. ಶಿಲುಬೆಯ ಗುರುತು ಮಾಡಿಕೊಂಡೆ. “ತಾಯೀ, ಇದು ನಿನ್ನ ಹತ್ತಿರ ಇಷ್ಟು ದಿನ ಇತ್ತು, ಇನ್ನು ಕೊಡು” ಎಂದೆ. ಜಾಡಿ ಎತ್ತಿಕೊಂಡು ಬಂದು ಮೇಜಿನ ಮಧ್ಯದಲ್ಲಿಟ್ಟೆ.

ಮುಚ್ಚಳ ತಿರುಗಿಸಿದೆ. ಬರಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದೆ. ಆಗಲೂ ಬರಲಿಲ್ಲ. ಸಬಾತೀನೋ ಪ್ರಯತ್ನಿಸಿ ಮುಖ ಕೆಂಪು ಮಾಡಿಕೊಂಡ. ಕಾಯಿಲೆ ಹೆಣ್ಣು, ಬಂಡೆಯಿಂದೇಳಲು ನನ್ನ ಹೆಗಲು ಬೇಕಿತ್ತು, ಮುಚ್ಚಳವನ್ನು ಮಾತ್ರ ಹೀಗೆ ಬಿಗಿದಿದ್ದಳು! ಕೊನೆಗೆ ಯೋಸ್ಟ್ ತನ್ನ ಹಲಗೆಯಂಥ ಅಂಗೈ ಚಾಚಿದ. ಜಾಡಿ ಅವನ ಕೈಯಲ್ಲಿ ಮುಳುಗಿಹೋಯಿತು. ಒಂದು ಸಲ ಉಸಿರು ಬಿಟ್ಟ. ಮುಚ್ಚಳ ಟಪ್ಪೆಂದಿತು.

ಬೆಟ್ಟದ ಹುಲ್ಲಿನ, ಒಣಮಣ್ಣಿನ ವಾಸನೆ. ಒಂದು ಕ್ಷಣ, ಅಷ್ಟೆ.

“ಆರಿಸಬೇಕು, ಕಲ್ಲಿರುತ್ತೆ” ಎಂದಳು ಪಲ್ಮೀರಾ. ಬಿಳಿ ಬಟ್ಟೆ ಹಾಸಿ ಕಾಳು ಸುರಿದಳು. ಉಪ್ಪು ಕೇಳಲು ಬಂದವರು, ಬೆಂಕಿಪೊಟ್ಟಣ ಕೇಳಲು ಬಂದವರು, ವಾಸನೆಗೆ ಬಂದ ಗುರುಗಳು, ಕೆಸರು ಬೂಟಿನವರು, ಎಲ್ಲರೂ ಮೇಜಿನ ಮೇಲೆ ಬಗ್ಗಿ ಕಾಳು ಆರಿಸತೊಡಗಿದರು. ಯೋಸ್ಟನ ಬೆರಳಿಗೆ ಒಂದು ಸಲಕ್ಕೆ ಏಳೆಂಟು ಕಾಳು ಅಂಟಿ ಬರುತ್ತಿದ್ದವು. ಪಲ್ಮೀರಾ ಒಂದು ಕಾಳನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನ ಮೂಗಿನ ಹತ್ತಿರ ತಂದಳು. ಅದರಲ್ಲಿ ಸೂಜಿಮೊನೆಯಷ್ಟು ತೂತು.

“ನೋಡಿಲ್ಲಿ. ಹುಳ ಶುರುವಾಗಿದೆ. ಇನ್ನೊಂದು ತಿಂಗಳು ಬಿಟ್ಟಿದ್ರೆ ನಿನ್ನ ಸಂತನಿಗೆ ಕಾಲು ಬಂದು ಎದ್ದು ಹೋಗ್ತಿದ್ದ.”

ಗುರುಗಳು ಎಲ್ಲರಿಗಿಂತ ಜೋರಾಗಿ ನಕ್ಕರು.

ಎಲ್ಲರ ಮನೆಯ ಹಂಡೆಗಳಿಗೂ ಹಂಚಲು ಒಂದು ಜಾಡಿ ಎಲ್ಲಿ ಸಾಲಬೇಕು? ಲೋಟದಲ್ಲಿ ಅಳೆಯಲು ಹೊರಟರೆ ಒಬ್ಬೊಬ್ಬರಿಗೆ ಚಿಟಿಕೆ ಬರುತ್ತಿತ್ತು. ಇಲೇನಿಯಾ ಬಟ್ಟಲುಗಳನ್ನು ನೋಡಿದಳು, ಜಾಡಿ ನೋಡಿದಳು, ನನ್ನನ್ನು ನೋಡಿದಳು.

“ಕಾಳು ಅವರ ಹತ್ರ ಹೋಗೋದು ಬೇಡ” ಎಂದೆ. “ಅವರ ಹಂಡೆ ಇಲ್ಲಿಗೆ ಬರಲಿ.”

ಅಂಗಳದ ಕೊಟ್ಟಿಗೆಯಲ್ಲಿ ಆಗಸ್ಟಿನಲ್ಲಿ ಟೊಮೆಟೊ ಕುದಿಸುವ ತಾಮ್ರದ ಹಂಡೆಯಿತ್ತು, ಒಂದು ಕರು ನಿಲ್ಲುವಷ್ಟು ದೊಡ್ಡದು. ಸಬಾತೀನೋ ಮತ್ತು ಯೋಸ್ಟ್ ಅದನ್ನು ಹೊತ್ತು ತಂದು ಅಂಗಳದಲ್ಲಿ ಕಲ್ಲು ಹೂಡಿ ಇಟ್ಟರು. ಆಮೇಲೆ ನಮ್ಮ ಗಲ್ಲಿ ಕಂಡ ಮೆರವಣಿಗೆಯನ್ನು ಏನೆಂದು ಹೇಳಲಿ? ಪ್ರತಿ ಮನೆಯಿಂದ ಆವಿಯಾಡುವ ಪಾತ್ರೆಗಳು ಬಂದವು. ಅತಿಥಿಗಳು ಪಾತ್ರೆಗಳ ಹಿಡಿಕೆ ಹಿಡಿದು ಮೆಟ್ಟಿಲಿಳಿಸಿ ತಂದರು. ಬೆಳಗಿನಿಂದ ಬೆಟ್ಟ ಹತ್ತಿದ ಕಾಲುಗಳು ಈಗ ಕಡಲೆ ಹೊತ್ತು ಓಡಾಡಿದವು. ಅಸೂಂತಾಳ ಅವರೆ, ಕ್ವಿರೀನೋನ ಬಟಾಣಿ, ಗುರುಗಳ ಮನೆಯ ಹಂದಿ ಕಿವಿ, ಎಲ್ಲ ಒಂದೇ ಹಂಡೆಗೆ ಬಿದ್ದವು.

“ಈ ಬಟಾಣಿ ಯಾರದು? ಗುಂಡಿನ ಹಾಗಿದೆ!”

“ನನ್ನದೇ. ಹಲ್ಲಿಲ್ಲದೋರು ನುಂಗಿ.”

“ಪುದೀನ ಯಾರು ಹಾಕಿದ್ದು? ನಮ್ಮನೇಲಿ ಪುದೀನ ಹಾಕಲ್ಲ!”

“ಅದಕ್ಕೇ ನಿಮ್ಮನೆ ವಿರ್ತೂನ ಬೆಕ್ಕೂ ಮೂಸಲ್ಲ.”

ಈ ಜಗಳ ವರ್ಷವೂ ಬಟ್ಟಲುಗಳ ಮೂಲಕ, ಒಬ್ಬರ ಬೆನ್ನ ಹಿಂದೆ ಒಬ್ಬರು ಆಡುತ್ತಿದ್ದದ್ದು. ಅಂದು ಮೊದಲ ಸಲ ಒಂದೇ ಹಂಡೆಯ ಸುತ್ತ, ಮುಖಕ್ಕೆ ಮುಖ ಕೊಟ್ಟು ನಡೆಯಿತು. ಎಲ್ಲರಿಗೂ ಬಹಳ ಸಂತೋಷವಾಗಿತ್ತು.

ಚನ್ನಂಗಿ ಬೆಂದದ್ದು ಒಳಗಿನ ಒಲೆಯ ಮೇಲೆ, ಲೊರೆತಾಳ ಮಣ್ಣಿನ ಪಾತ್ರೆಯಲ್ಲಿ. ಅದನ್ನು ಕೊನೆಯಲ್ಲಿ ಹಂಡೆಗೆ ಸುರಿದವನು ನಾನು. ಸುರಿದ ಮೇಲೆ ಹುಡುಕಿದರೆ ಕಾಣಲಿಲ್ಲ. ಸೊಪ್ಪು, ಕಾಳು, ಮಾಂಸದ ನಡುವೆ ಎಲ್ಲೋ ಸೇರಿಹೋಯಿತು.

ಗಲ್ಲಿಯುದ್ದಕ್ಕೂ ಮೇಜು ಜೋಡಿಸಿದರು. ಗುರುಗಳು ಪ್ರಾರ್ಥನೆಯನ್ನು ಚಿಕ್ಕದಾಗಿ ಹೇಳಿದರು. ಬಿಸಿ ಆರುತ್ತದೆಂದು ಪಲ್ಮೀರಾ ಅವರ ಪಕ್ಕದಲ್ಲೇ ನಿಂತು ಕೆಮ್ಮಿದ್ದಳು. ಮೊದಲ ಬಟ್ಟಲನ್ನು ಅವಳು ನನ್ನ ಮುಂದಿಟ್ಟಳು. ತಿಂದೆ. ಎರಡನೆಯ ಚಮಚೆಯಲ್ಲಿ ಸಿಕ್ಕಿತು, ಒಡೆಯದ ಸಣ್ಣ ಕಾಳು, ನಾಲಿಗೆ ಮತ್ತು ಹಲ್ಲಿನ ನಡುವೆ. ನಾನು ತಲೆಯೆತ್ತಿದಾಗ ಯಾರೂ ತಿನ್ನುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

“ಏನು ನೋಡ್ತೀರಿ?” ಎಂದೆ. “ಉಪ್ಪು ಕಡಿಮೆ ಇದೆ. ಕ್ವಿರೀನೋ, ನಿನ್ನ ಬಟ್ಟಲು ಎಲ್ಲಯ್ಯ?”

ಗಲ್ಲಿಯೆಲ್ಲ ನಗು. ಆಮೇಲೆ ಯಾರನ್ನೂ ಹಿಡಿಯುವವರಿರಲಿಲ್ಲ. ಯೋಸ್ಟ್ ನಾಲ್ಕು ಬಟ್ಟಲು ತಿಂದ. ಐದನೆಯದಕ್ಕೆ ಕೈ ಚಾಚಿದಾಗ ಪಲ್ಮೀರಾ ಸೌಟಿನಿಂದ ಅವನ ಬೆರಳಿಗೆ ಒಂದು ಕೊಟ್ಟಳು, ಆಮೇಲೆ ತುಂಬಿಯೇ ಬಡಿಸಿದಳು. ಕ್ವಿರೀನೋ ಅಕಾರ್ಡಿಯನ್ ತಂದ. ಹಾನೆಕೆ ಗುರುಗಳನ್ನೇ ಕುಣಿಸಲು ಎಳೆದಳು. ಅವರು ಟೋಪಿಯನ್ನು ಎದೆಗೆ ಹಿಡಿದುಕೊಂಡು ಎರಡು ಹೆಜ್ಜೆ ಹಾಕಿದರು. ಹೊಗೆಗೂಡಿನ ಮೇಲೆ ಕಾಗೆ ಕೂತು ಇದನ್ನೆಲ್ಲ ನೋಡುತ್ತಿತ್ತು. “ಎಲ್ಲ ನಿನ್ನಿಂದಾನೇ ಆಗಿದ್ದು ಕಣೇ” ಎಂದು ಪಲ್ಮೀರಾ ಅದಕ್ಕೆ ಒಂದು ಚೂರು ರೊಟ್ಟಿ ಎಸೆದಳು.

ಸಂಜೆ ಪಾತ್ರೆ ತೊಳೆಯುವಾಗ ಪಲ್ಮೀರಾ ತನ್ನ ಅಂಗಿಯ ಜೇಬಿನಿಂದ ಗಂಟು ಹಾಕಿದ ಕರವಸ್ತ್ರ ತೆಗೆದು ನನ್ನ ಕೈಯಲ್ಲಿಟ್ಟಳು. ಬಿಚ್ಚಿದರೆ ಒಂದು ಬೊಗಸೆ ಚನ್ನಂಗಿ. ಆರಿಸುವಾಗಲೇ ಯಾರಿಗೂ ಕಾಣದಂತೆ ತೆಗೆದಿಟ್ಟಿದ್ದಳು.

“ಕದ್ದೆಯಾ?” ಎಂದೆ.

“ಹೌದು, ಪೊಲೀಸಿಗೆ ಹೇಳು. ಬೀಜಕ್ಕೆ ಕಣೋ. ಇದನ್ನ ಮತ್ತೆ ದೇವಮಾತೆ ಪಕ್ಕ ಇಟ್ರೆ ನಿನ್ನ ಕೈ ಮುರೀತೀನಿ.”

ಮರುದಿನ ಅತಿಥಿಗಳ ಕೊನೆಯ ನಡಿಗೆ ಬೇರೆ ದಾರಿಯಲ್ಲಿ ಎಂದಿತ್ತು. ಸಬಾತೀನೋ ಅದನ್ನು ಬದಲಿಸಿದ. ಎಲ್ಲರೂ ಮೇಲಿನ ಕಲ್ಲುನೆಲಕ್ಕೆ ಹೊರಟರು. ನಾನೂ ಹೊರಟೆ. ನನ್ನ ಮೊಣಕಾಲುಗಳು ಮುಷ್ಕರ ಹೂಡುತ್ತವೆಂದು ಪಲ್ಮೀರಾ ಹೇಳಿದಳು, ಹೇಳುತ್ತಲೇ ತಾನೂ ಕೋಲು ಹಿಡಿದು ಬಂದಳು. ಗ್ರಾನ್ ಸಾಸ್ಸೋ ಬೆಟ್ಟದ ತಲೆಯಲ್ಲಿ ಇನ್ನೂ ಹಿಮವಿತ್ತು. ಕಡಿದಾದ ಕಡೆ ಯೋಸ್ಟ್ ತನ್ನ ಚೀಲದ ಪಟ್ಟಿಯನ್ನು ನನಗೆ ಹಿಡಿಯಲು ಕೊಟ್ಟು ಎತ್ತಿನ ಹಾಗೆ ಎಳೆದುಕೊಂಡು ಹೋದ.

ನೆಲ ಗಟ್ಟಿಯಾಗಿತ್ತು. ಅತಿಥಿಗಳು ನಡಿಗೆಯ ಕೋಲುಗಳ ಮೊನೆಯಿಂದ ಸಾಲು ಗೀರಿದರು, ಸಬಾತೀನೋ ಗುದ್ದಲಿಯಿಂದ ಸರಿಮಾಡಿದ. ನಾನು ಕರವಸ್ತ್ರ ಬಿಚ್ಚಿದೆ. ಒಂದು ಬೊಗಸೆಗೆ ಎಷ್ಟು ನೆಲ ಬೇಕು? ಒಂದು ಹಾಸಿಗೆಯಷ್ಟಗಲ ಬಿತ್ತುವುದರಲ್ಲಿ ಮುಗಿಯಿತು. ಕಾಲಿನಿಂದ ಮಣ್ಣು ಮುಚ್ಚುವಾಗ ಲೊರೆತಾ ಕೂತಿದ್ದ ಬಂಡೆಯ ಮೇಲೆ ಪಲ್ಮೀರಾ ಕೂತು, “ಮುಚ್ಚು ಅಂದ್ರೆ ಹೂತುಹಾಕ್ತೀಯಲ್ಲ, ಮೆತ್ತಗೆ!” ಎಂದಳು. ಅದೇ ಧಾಟಿ, ಅದೇ ಬಂಡೆ. ನಾನು ತಿರುಗಿ ನೋಡಿದೆ. ಅವಳು ಬೇಕೆಂದೇ ಹೇಳಿದಳೋ ಏನೋ, ಮುಖ ಬೇರೆ ಕಡೆ ಮಾಡಿಕೊಂಡಿದ್ದಳು.

“ಕೊಯ್ಲು ಯಾವಾಗ?” ಎಂದು ಹಾನೆಕೆ ಕೇಳಿದಳು.

“ಆಗಸ್ಟ್” ಎಂದೆ. “ಬೆಳಗಿಂದ ಸಂಜೆವರ್ಗೂ ಬಗ್ಗಿರ್ಬೇಕು. ಬಿಸಿಲು ಬೇರೆ.”

ಅವಳು ಯೋಸ್ಟನಿಗೆ ಹೇಳಿದಳು. ಅವನು ಆ ಹಾಸಿಗೆಯಗಲದ ಮಣ್ಣನ್ನೂ ತನ್ನ ಸೊಂಟವನ್ನೂ ಒಮ್ಮೆ ನೋಡಿದ. “ಬ್ವೋನೋ” ಎಂದ.

ಇಲೇನಿಯಾ ಆಗಲೇ ಗಂಡನ ತೋಳು ಹಿಡಿದುಕೊಂಡು ಪಿಸುಗುಟ್ಟುತ್ತಿದ್ದಳು. “ಆಗಸ್ಟಲ್ಲಿ ಒಂದು ಗುಂಪು ಕರ್ಕೊಂಡು ಬರೋಣ. ಬೆಳಿಗ್ಗೆ ಕೊಯ್ಲು, ಮಧ್ಯಾಹ್ನ ಮಾವನ ಅಡುಗೆಮನೇಲಿ ಊಟ. ಮಾವ, ನೀವು ಕಲಿಸ್ಕೊಡ್ತೀರಲ್ಲ?”

“ಮೊದಲು ಮೊಳಕೆ ಬರಲಿ ತಡಿಯೇ” ಎಂದೆ. ಆದರೆ ಇಳಿಯುವ ದಾರಿಯುದ್ದಕ್ಕೂ ಯಾರಿಗೆ ಎಲ್ಲಿ ಕೂರಲು ಜಾಗ ಕೊಡಬೇಕೆಂದು ಯೋಚಿಸುತ್ತಿದ್ದೆ.

ಮನೆಗೆ ಬಂದು ಖಾಲಿ ಜಾಡಿ ತೊಳೆದೆ. ದೇವಮಾತೆಯ ಪಕ್ಕ ಅದಿದ್ದ ಕಡೆ ಒಂದು ದುಂಡಗಿನ ಗುರುತಿತ್ತು, ಅದನ್ನು ಒರೆಸಿ ದೀಪದ ಬತ್ತಿ ಸರಿಮಾಡಿದೆ. ಜಾಡಿಯನ್ನು ಅಡುಗೆಮನೆಗೆ ಒಯ್ದು, ಉಪ್ಪಿನ ಡಬ್ಬಕ್ಕೂ ಸಕ್ಕರೆ ಡಬ್ಬಕ್ಕೂ ನಡುವೆ, ಲೊರೆತಾ ಯಾವಾಗಲೂ ಇಡುತ್ತಿದ್ದ ಜಾಗದಲ್ಲಿಟ್ಟೆ. ಒಣಗಲೆಂದು ಮುಚ್ಚಳ ಹಾಕಲಿಲ್ಲ. ಆಮೇಲೆ ಹಾಲು ಕಾಯಿಸಿಕೊಂಡೆ, ದೊಡ್ಡ ಒಲೆಯ ಮೇಲೆ.